ಅಷ್ಟಮಿಗೆ ಮುಚ್ಚಿದ ಕಂಡಿ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಕೆಲಸದಲ್ಲಿದ್ದಾಗ, ಕಂಪನಿಯ ವಿಷಯ ಹೊರಗೆ ಹೇಳಬಾರದು ಎಂದುಕೊಂಡೆ. ನಿವೃತ್ತನಾದ ಮೇಲೆ, ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಕಣ್ಣು ಸರಿಯಾಗಿಯೂ ಬಹಳ ಕಾಲವಾಯಿತು. ಈಗ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮಗಳು ಮತ್ತು ಅಳಿಯ ಮನಾಮದ ಸೆಗಯಾ ಬಡಾವಣೆಯ ಈ ಹಳೆಯ ಫ್ಲ್ಯಾಟ್ ಬಿಟ್ಟು, ಸಮುದ್ರ ತುಂಬಿ ಕಟ್ಟಿದ ಹೊಸ ಊರಿನಲ್ಲಿ ಮನೆ ಹಿಡಿದಿದ್ದಾರೆ. ಪಾತ್ರೆಗಳು ಆಗಲೇ ಪೆಟ್ಟಿಗೆ ಸೇರಿವೆ. ನಾನು ಮಾತ್ರ ಒಂದಲ್ಲ ಒಂದು ನೆವ ಹೇಳಿ ಆ ಮನೆಯನ್ನು ನೋಡಲೂ ಹೋಗಿಲ್ಲ.

"ಅಪ್ಪಯ್ಯ, ಅಲ್ಲಿ ಗಾಳಿ ಉಂಟು, ಬಾಲ್ಕನಿಯಲ್ಲಿ ಕೂತ್ರೆ ಸಮುದ್ರ ಕಾಣ್ತದೆ. ನಿಮ್ಗೆ ಇನ್ನೆಂತ ಬೇಕು?" ಎಂದು ಮಗಳು ಕೇಳಿದಳು.

"ಮೊಣಕಾಲು ನೋವು ಮಗಾ."

"ಮೊಣಕಾಲು ನೋವಿನವರಿಗೇ ಲಿಫ್ಟ್ ಇರುದು. ಇಲ್ಲಿ ನಿಮ್ಗೆ ಮೆಟ್ಟಿಲು ಹತ್ತಲಿಕ್ಕೆ ಆಗ್ತದೆ, ಅಲ್ಲಿ ಲಿಫ್ಟಲ್ಲಿ ನಿಲ್ಲಲಿಕ್ಕೆ ಆಗುದಿಲ್ವಾ?"

ಆ ನೆಲವನ್ನು ತುಂಬಿದವರಲ್ಲಿ ನಾನೂ ಒಬ್ಬ ಎಂಬುದು ಅವಳಿಗೆ ಗೊತ್ತು. ಹೆಮ್ಮೆಯಿಂದ ನೆಂಟರಿಗೆ ಹೇಳುತ್ತಾಳೆ. ಉಳಿದದ್ದು ಗೊತ್ತಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ಅವಳು ಊರಿನಲ್ಲಿ, ಕುಂದಾಪುರದಲ್ಲಿ, ಕಾಲೇಜಿಗೆ ಹೋಗುತ್ತಿದ್ದಳು. ನಾನು ಇಲ್ಲಿ, ಈ ಕೊಲ್ಲಿಯ ದ್ವೀಪದಲ್ಲಿ, ಸಮುದ್ರ ತುಂಬುವ ಒಂದು ಗುತ್ತಿಗೆ ಕಂಪನಿಯಲ್ಲಿ ಫೋರ್ಮನ್. ನನ್ನದು ಎಸ್ಸೆಸ್ಸೆಲ್ಸಿ ಓದು. ಕಡಲ ಬದಿಯಲ್ಲಿ ಬೆಳೆದವನಾದ್ದರಿಂದ ನೀರಿನ ಏರಿಳಿತದ ಅಂದಾಜಿತ್ತು, ಕೂಲಿಕಾರರ ಹತ್ತಿರ ಹಿಂದಿಯಲ್ಲಿಯೂ ಅರಬರ ಹತ್ತಿರ ಅರೆಬರೆ ಅರಬಿಯಲ್ಲಿಯೂ ಮಾತಾಡಬಲ್ಲವನಾಗಿದ್ದೆ. ಅಷ್ಟರಿಂದಲೇ ನನಗೆ ಆ ಹುದ್ದೆ ಸಿಕ್ಕಿತ್ತು.

ಕೆಲಸ ನಡೆಯುವ ಕ್ರಮ ಹೀಗೆ. ತುಂಬಬೇಕಾದ ಜಾಗದ ಸುತ್ತ ಮೊದಲು ಸಮುದ್ರದೊಳಗೆ ಕಲ್ಲಿನ ಏರಿ ಹಾಕುತ್ತೇವೆ. ಸೈಟಿನಲ್ಲಿ ಇದಕ್ಕೆ ಬಂಡ್ ಎನ್ನುವುದು. ದಡದ ಎರಡು ತುದಿಗಳಿಂದ ಲಾರಿಗಳು ಕಲ್ಲು ಸುರಿಯುತ್ತ, ತಾವು ಸುರಿದ ಕಲ್ಲಿನ ಮೇಲೆಯೇ ಮುಂದೆ ಸಾಗುತ್ತವೆ. ಏರಿಯ ಒಳಮೈಗೆ ದಪ್ಪ ಬಟ್ಟೆ ಹಾಸುತ್ತೇವೆ, ಮರಳು ಕಲ್ಲಿನ ಸಂದಿಯಿಂದ ಸೋರಿಹೋಗದಿರಲಿ ಎಂದು. ಏರಿಯ ಎರಡೂ ಕೈಗಳು ಸಮುದ್ರದಲ್ಲಿ ಸೇರಿದ ಮೇಲೆ ದೂರದ ಆಳದಲ್ಲಿ ನಿಂತ ಡ್ರೆಜ್ಜರ್ ಹಡಗು ತಳದ ಮರಳನ್ನು ನೀರಿನೊಂದಿಗೆ ಹೀರಿ, ತೇಲುವ ಕೊಳವೆಯಲ್ಲಿ ತಂದು ಒಳಗೆ ಉಗುಳುತ್ತದೆ. ಮರಳು ಕೂರುತ್ತದೆ, ಹೆಚ್ಚಾದ ನೀರು ಒಂದು ತೂಬಿನಿಂದ ಹೊರಗೆ ಹೋಗುತ್ತದೆ. ಬುಲ್ಡೋಜರ್ ಹಿಂದೆಯೇ ಬಂದು ಸಮ ಮಾಡುತ್ತದೆ. ನಿನ್ನೆ ದೋಣಿ ಹೋದ ಜಾಗದಲ್ಲಿ ಇವತ್ತು ಪಿಕಪ್ ಓಡಿಸಬಹುದು. ಮೊದಲ ಸಲ ಓಡಿಸಿದಾಗ ಕೆಳಗಿಳಿದು ನೆಲವನ್ನು ಕಾಲಿನಿಂದ ತಟ್ಟಿ ನೋಡಿದ್ದೆ. ಇಲ್ಲದ ನೆಲವನ್ನು ಇದೆ ಎನ್ನಿಸುವ ಕೆಲಸ ಸಣ್ಣದಲ್ಲ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಕಂಡಿ ಮುಚ್ಚುವುದು. ಏರಿಯ ಎರಡು ತುದಿಗಳು ಹತ್ತಿರವಾದಂತೆ, ಆ ಕಿರಿದಾದ ಕಂಡಿಯಲ್ಲಿ ಭರತ ಇಳಿತದ ನೀರೆಲ್ಲ ನುಗ್ಗಿ ಹರಿಯುತ್ತದೆ. ಹಾಕಿದ ಕಲ್ಲನ್ನೇ ಹೊತ್ತೊಯ್ಯುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಮುಚ್ಚಲು ಹೋದರೆ ಕೈ ಸುಟ್ಟುಕೊಂಡಂತೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ನೀರು ಸೋಮಾರಿಯಾಗಿರುತ್ತದೆ. ಆಗ ಮುಚ್ಚಬೇಕು. ಆ ಅಷ್ಟಮಿ ತಪ್ಪಿದರೆ ಮುಂದಿನ ಅಷ್ಟಮಿಗೆ ಕಾಯಬೇಕು.

ನಮ್ಮ ಕಂಡಿ ಇದ್ದದ್ದು ದಡದ ಒಂದು ಹಳೆಯ ಹಳ್ಳಿಯ ಎದುರಿಗೆ. ಹಳ್ಳಿಯವರ ದೋಣಿಗಳು ಹೊರಗೆ ಹೋಗಲು ಅದೊಂದೇ ದಾರಿ ಉಳಿದಿತ್ತು. ಹಳ್ಳಿಯವರಿಗೆ ತಿಂಗಳುಗಳ ಹಿಂದೆಯೇ ತಿಳಿಸಲಾಗಿತ್ತು. ಹೆಚ್ಚಿನವರು ದೋಣಿಗಳನ್ನು ಬೇರೆ ಕಡೆ ಸಾಗಿಸಿದ್ದರು. ಉಳಿದದ್ದು ಒಂದು ದೋಣಿ, ಮತ್ತು ಏರಿಯ ಒಳಗೆ ನಿಂತಿದ್ದ ಒಂದು ಹದ್ರಾ.

ಹದ್ರಾ ಎಂದರೆ ಇಲ್ಲಿಯವರ ಹಳೆಯ ಮೀನು ಬಲೆ. ಆಳವಿಲ್ಲದ ನೀರಿನಲ್ಲಿ ಕಂಬಗಳನ್ನು ನೆಟ್ಟು, ಅವಕ್ಕೆ ಬೇಲಿಯಂತೆ ಜಾಲರಿ ಕಟ್ಟುತ್ತಾರೆ. ಭರತದಲ್ಲಿ ದಡದ ಕಡೆ ಬಂದ ಮೀನು ಇಳಿತದಲ್ಲಿ ಹಿಂದಿರುಗುವಾಗ ಬೇಲಿಗೆ ತಾಗಿ, ಅದರ ಗುಂಟ ಈಜಿ, ತುದಿಯ ಸಣ್ಣ ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೀನುಗಾರ ಸುಮ್ಮನೆ ನಡೆದು ಹೋಗಿ ಎತ್ತಿಕೊಂಡು ಬರುತ್ತಾನೆ.

ಅದರ ಯಜಮಾನ ಒಬ್ಬ ಮುದುಕರು. ಸೈಟಿನಲ್ಲಿ ಎಲ್ಲರೂ ಅವರನ್ನು ಹಜ್ಜಿ ಎಂದೇ ಕರೆಯುತ್ತಿದ್ದರು. ಇಲ್ಲಿ ವಯಸ್ಸಾದವರನ್ನು ಹಾಗೆ ಕರೆಯುವುದು ಮರ್ಯಾದೆ. ಕೆಲಸ ಶುರುವಾದಾಗಿನಿಂದ ಏರಿಯ ಮೇಲೆ ಬಂದು ಲಾರಿಗಳಿಗೆ ಅಡ್ಡ ನಿಲ್ಲುವುದು, ಇಂಜಿನಿಯರನ್ನು ಕರೆಯಿರಿ ಎಂದು ಕೂಗುವುದು ಮಾಡುತ್ತಿದ್ದರು. ಚೆನ್ನೈ ಕಡೆಯ ನಮ್ಮ ಇಂಜಿನಿಯರ್ ಒಳ್ಳೆಯ ಮನುಷ್ಯ, ಆದರೆ ದ್ವೀಪಕ್ಕೆ ಹೊಸಬರು. "ನೀವೇ ಮಾತಾಡಿ ಶೆಟ್ಟಿ, ನಿಮಗೆ ಅವರ ಭಾಷೆ ಬರುತ್ತದೆ" ಎಂದು ನನಗೆ ಒಪ್ಪಿಸಿದರು.

ಹಾಗೆ ಒಂದು ಮಧ್ಯಾಹ್ನ ಹಜ್ಜಿ ನನ್ನ ಕ್ಯಾಬಿನ್ನಿಗೆ ಬಂದರು. ಒದ್ದೆ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು, ಎದೆಯ ಮೇಲೆ ಕೈಯಿಟ್ಟು ತಮ್ಮ ಹೆಸರು ಹೇಳಿದರು. ನಾನು ನನ್ನದು ಹೇಳಿದೆ. ಅವರಿಗೆ ಹಿಂದಿ ಬರುತ್ತಿತ್ತು. ಹಡಗಿನ ಮಲಬಾರಿಗಳ ಜೊತೆ ದುಡಿದು, ಮನಾಮದ ಟಾಕೀಸಿನಲ್ಲಿ ಸಿನಿಮಾ ನೋಡಿ ಕಲಿತದ್ದಂತೆ. ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರನ್ನೂ 'ಕರ್ತಾ ಹೈ' ಎನ್ನುವ ಹಿಂದಿ.

ನಾನು ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟೆ. ಅವರು ಕಪ್ಪನ್ನು ತೆಗೆದುಕೊಂಡು, ಕುಡಿಯದೆ, ಮೆಲ್ಲನೆ ಮೇಜಿನ ಮೇಲಿಟ್ಟರು.

"ರಫೀಕ್," ಎಂದರು; ಗೆಳೆಯ ಎಂದರ್ಥ, ಇಲ್ಲಿಯವರು ನಮ್ಮ ದೇಶದವರನ್ನೆಲ್ಲ ಹಾಗೇ ಕರೆಯುತ್ತಾರೆ. "ನಾನು ಜಗಳಕ್ಕೆ ಬಂದಿಲ್ಲ. ಸಮುದ್ರ ತುಂಬಿಸಿ, ತುಂಬಿಸಿ. ನನ್ನ ಮಗಳು, ಅಳಿಯ, ನಾಲ್ಕು ಮಕ್ಕಳು, ಎಲ್ಲಾ ನನ್ನ ಮನೆಯ ಒಂದು ರೂಮಿನಲ್ಲಿ. ಅವರಿಗೂ ಮನೆ ಬೇಕು. ಸರ್ಕಾರ ಕೊಡ್ತದೆ ಅಂತ ಕಾಯ್ತಿದ್ದಾರೆ. ಅಳಿಯ ಗೊರಕೆ ಹೊಡೀತಾನೆ, ನಾನು ಹೋಗಿ ದೋಣಿಯಲ್ಲಿ ಮಲಗ್ತೇನೆ!"

ನಾನು ನಕ್ಕೆ. ಅವರೂ ನಕ್ಕು, ಮತ್ತೆ ಗಂಭೀರರಾದರು.

"ನನ್ನ ಹದ್ರಾ ಕೀಳಬೇಕು. ಕಂಬಗಳು ನನ್ನ ತಂದೆಯ ಕಾಲದ್ದು, ಆಳಕ್ಕೆ ಕೂತಿವೆ. ದೊಡ್ಡ ಇಳಿತ ಬೇಕು, ಬುಡ ಕಾಣಬೇಕು, ಆಗ ಹಗ್ಗ ಹಾಕಿ ಎಳೀಬಹುದು. ಮುಂದಿನ ಹುಣ್ಣಿಮೆಗೆ ಕೀಳ್ತೇನೆ, ದೋಣಿಯಲ್ಲಿ ಹಾಕಿ ಆ ಬಾಗಿಲಿಂದ ಹೊರಗೆ ಒಯ್ದು ಉತ್ತರದ ಕಡೆ ನೆಡ್ತೇನೆ. ಅಲ್ಲಿವರೆಗೆ ಬಾಗಿಲು ಮುಚ್ಚಬೇಡಿ. ಇಷ್ಟೇ."

ಬಾಗಿಲು ಎಂದದ್ದು ನಮ್ಮ ಕಂಡಿಗೆ.

ಹುಣ್ಣಿಮೆಗೆ ಮೊದಲಿನ ಅಷ್ಟಮಿಗೆ ಮುಚ್ಚುವುದೆಂದು ನಮ್ಮಲ್ಲಿ ಮಾತಾಗಿತ್ತು. ಅದನ್ನು ಬದಲಿಸುವ ಅಧಿಕಾರ ನನಗಿರಲಿಲ್ಲ. ಆದ್ದರಿಂದ ನಾನು ಹ್ಞೂಂ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ನೋಡೋಣ, ಇಂಜಿನಿಯರಿಗೆ ಹೇಳುತ್ತೇನೆ ಎಂದು ಗೊಣಗಿದೆ. ನನ್ನ ಕಣ್ಣು ಅವರ ಮುಟ್ಟದ ಕಪ್ಪಿನ ಮೇಲಿತ್ತು. ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ ನೀರು. ಅದನ್ನು ಮುಟ್ಟದೆ ಎದ್ದರೆ ಮನೆಯ ಮೇಲೆ ಮುನಿಸಿದೆ ಎಂದರ್ಥ; ನನ್ನ ಅಮ್ಮ ಅಂಥವರನ್ನು ಅಂಗಳದವರೆಗೂ ಬೆನ್ನು ಹತ್ತಿ ಒತ್ತಾಯ ಮಾಡುತ್ತಿದ್ದಳು. ಅದೇ ಅಭ್ಯಾಸದಿಂದ ನಾನು ಕಪ್ಪನ್ನು ಎತ್ತಿ ಅವರ ಕೈಗೆ ಕೊಟ್ಟು, "ಕುಡೀರಿ ಹಜ್ಜಿ, ಕುಡೀರಿ. ಎಲ್ಲಾ ಸರಿಯಾಗ್ತದೆ" ಎಂದೆ.

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಒಂದೇ ಗುಟುಕಿಗೆ ಕುಡಿದು, ಎದ್ದು, ನನ್ನ ಭುಜ ಹಿಡಿದು ನೆತ್ತಿಗೆ ಮುತ್ತಿಟ್ಟರು. ನನಗೆ ಮುಜುಗರವಾಯಿತು. ಒಂದು ಚಹಾಕ್ಕೆ ಇಷ್ಟೊಂದು ಪ್ರೀತಿಯೇ ಎನ್ನಿಸಿತು.

ಆ ದಿನದಿಂದ ಹಜ್ಜಿ ಏರಿಯ ಮೇಲೆ ಬಂದು ಅಡ್ಡ ನಿಲ್ಲಲಿಲ್ಲ. ದೂರದಿಂದ ಕೈ ಬೀಸಿ ಹೋಗುತ್ತಿದ್ದರು. ಸೈಟಿನಲ್ಲಿ ನನ್ನ ಹೆಸರು ಎದ್ದಿತು. ಸಾಹೇಬರುಗಳ ಎದುರಿಗೆ ಇಂಜಿನಿಯರ್ ನನ್ನ ಬೆನ್ನು ತಟ್ಟಿ, "ನಮ್ಮ ಶೆಟ್ಟಿ ಒಂದು ಕಪ್ ಚಹಾದಲ್ಲಿ ಹಳ್ಳಿಯನ್ನೇ ಸಮಾಧಾನ ಮಾಡಿದರು" ಎಂದರು. ನನಗೆ ಖುಷಿಯಾಯಿತು. ಕ್ಯಾಂಪಿನಲ್ಲಿ ಊಟ ಮಾಡುವಾಗ ನಾನೇ ಆ ಕತೆಯನ್ನು ಬಣ್ಣ ಕಟ್ಟಿ ಹೇಳತೊಡಗಿದೆ.

ಹಾಗೆ ಹೇಳಿದ್ದನ್ನು ನಮ್ಮ ಪಿಕಪ್ ಡ್ರೈವರ್ ಕೇಳಿಸಿಕೊಂಡಿದ್ದ. ಬಂಟ್ವಾಳದ ಕಡೆಯ ಬ್ಯಾರಿ. ಕಂಪನಿಗೆ ಸೇರುವ ಮೊದಲು ಸೌದಿಯಲ್ಲಿ ಒಬ್ಬ ದೊಡ್ಡವರ ಮಜ್ಲಿಸ್‌ನಲ್ಲಿ, ಅಂದರೆ ಅತಿಥಿಗಳನ್ನು ಕೂರಿಸುವ ಚಾವಡಿಯಲ್ಲಿ, ಕಾಫಿ ಹಂಚುವ ಕೆಲಸದಲ್ಲಿದ್ದವನು. ಮರುದಿನ ಸೈಟಿಗೆ ಹೋಗುವಾಗ ದಾರಿಯಲ್ಲಿ ಕೇಳಿದ.

"ಶೆಟ್ರೆ, ಹಜ್ಜಿ ಕಪ್ ಕೆಳಗೆ ಇಟ್ಟದ್ದು ಮಾತು ಸುರು ಮಾಡುವ ಮೊದಲಾ, ಆಮೇಲೆಯಾ?"

"ಮೊದಲು. ಯಾಕೆ?"

"ನೀವೇ ಎತ್ತಿ ಕೊಟ್ಟು ಕುಡೀರಿ ಅಂದ್ರಾ?"

"ಹೌದಪ್ಪಾ. ಚಾ ತಣ್ಣಗಾಗ್ತದಲ್ಲ."

ಅವನು ಸ್ಟಿಯರಿಂಗ್ ತಟ್ಟಿ ನಕ್ಕ. "ಎಂತ ಕೆಲಸ ಮಾಡಿದ್ರಿ ಮಾರಾಯ್ರೆ! ನಿಮ್ಮ ಕಂಪನಿಯ ಸಮುದ್ರವನ್ನು ಒಂದು ಚಾಯದಲ್ಲಿ ಕೊಟ್ಟುಬಿಟ್ರಲ್ಲ!"

ಅವನು ವಿವರಿಸಿದ. ಈ ಕಡೆಯ ಹಿರಿಯರಲ್ಲಿ ಒಂದು ಪದ್ಧತಿಯಿದೆ. ಏನಾದರೂ ಕೇಳಿಕೊಳ್ಳಲು ಬಂದವರು ಕೊಟ್ಟ ಕಾಫಿಯನ್ನು ಕುಡಿಯದೆ ಕೆಳಗಿಡುತ್ತಾರೆ. ನನ್ನ ಬೇಡಿಕೆ ನಡೆಯುವ ತನಕ ಕುಡಿಯುವುದಿಲ್ಲ ಎಂದು ಅರ್ಥ. ಕೇಳಿದ ಮೇಲೆ ಯಜಮಾನ "ಕುಡಿಯಿರಿ" ಎಂದರೆ ಮುಗಿಯಿತು, ಕೊಟ್ಟಂತೆ. ಕೊಡಲಾಗದಿದ್ದರೆ ಹಾಗೆನ್ನಬಾರದು.

"ಕುಡೀರಿ ಅಂದ ಮೇಲೆ ಕೊಡದಿದ್ದವರನ್ನು ನಾನು ಅಲ್ಲಿ ಏಳು ವರ್ಷದಲ್ಲಿ ನೋಡ್ಲಿಲ್ಲ ಶೆಟ್ರೆ."

"ನಂಗೆ ಗೊತ್ತಿತ್ತಾ ಇದು?"

"ನಿಮ್ಗೆ ಗೊತ್ತಿಲ್ಲ, ಸರಿ. ಹಜ್ಜಿಗೆ ನಿಮ್ಗೆ ಗೊತ್ತಿಲ್ಲ ಅಂತ ಗೊತ್ತುಂಟಾ?" ಎಂದ. ಆಮೇಲೆ ನಗು ನಿಲ್ಲಿಸಿ, "ಹೋಗಿ ಹೇಳಿಬಿಡಿ. ಇನ್ನೂ ಟೈಮ್ ಉಂಟು" ಎಂದ.

ಇಲ್ಲಿಯವರೆಗೆ ನಡೆದದ್ದು ತಿಳಿಯದೆ ನಡೆದ ತಪ್ಪು. ಅದಕ್ಕಾಗಿ ನಾನು ಈ ಕಾಗದ ಖರ್ಚು ಮಾಡುತ್ತಿರಲಿಲ್ಲ.

ಹಜ್ಜಿಯ ಹತ್ತಿರ ಹೋಗಿ ಹೇಳಬಹುದಿತ್ತು. ಅವರ ಮನೆ ಹಳ್ಳಿಯ ಕೋಲ್ಡ್ ಸ್ಟೋರ್, ಅಂದರೆ ಕಿರಾಣಿ ಅಂಗಡಿಯ ಹಿಂದೆ. ಡ್ರೈವರ್ ಸಿಗರೇಟಿಗೆ ನಿಲ್ಲಿಸುವ ಜಾಗ ಅದೇ. ನಾನು ಗಾಡಿಯಿಂದ ಇಳಿಯಲಿಲ್ಲ. ಹೇಳಿದರೆ ಅವರು ಮತ್ತೆ ಏರಿಯ ಮೇಲೆ ಬಂದು ನಿಲ್ಲುತ್ತಾರೆ. ನನ್ನ ಚಹಾದ ಕತೆ ಕ್ಯಾಂಪಿನ ನಗೆಪಾಟಲಾಗುತ್ತದೆ. ಆ ವರ್ಷ ನನ್ನ ವೀಸಾ ನವೀಕರಣವೂ ಬಾಕಿಯಿತ್ತು. ಆದರೆ ವೀಸಾ ಬರೀ ನೆವ. ಬೆನ್ನು ತಟ್ಟಿಸಿಕೊಂಡ ಸುಖ ಬಿಡಲು ಮನಸ್ಸಿರಲಿಲ್ಲ. ಇದೇ ನಿಜ.

ಅಷ್ಟಮಿಗೆ ಎರಡು ದಿನ ಮೊದಲು ಇಂಜಿನಿಯರ್ ನನ್ನನ್ನು ಕರೆದರು. ಗೋಡೆಯ ಮೇಲಿದ್ದ ನಕ್ಷೆಯ ಎದುರಿಗೆ ನಿಂತು ಕೇಳಿದರು.

"ಶೆಟ್ಟಿ, ನಾಡಿದ್ದು ಮುಚ್ಚಬೇಕಾ, ಮುಂದಿನ ಅಷ್ಟಮಿಗೆ ಮುಚ್ಚೋಣವಾ? ಡ್ರೆಜ್ಜರಿನವರು ಬೇಕಾದರೆ ದಕ್ಷಿಣದ ಭಾಗಕ್ಕೆ ಮೊದಲು ಪೈಪ್ ಎಳೆಯುತ್ತೇವೆ ಎಂದಿದ್ದಾರೆ. ಮುದುಕರದ್ದು ಏನಾದರೂ ಬಾಕಿ ಇದ್ದರೆ ಹೇಳಿ. ನಾನು ಹದಿನೈದು ದಿನ ಬಿಡುತ್ತೇನೆ, ತೊಂದರೆ ಇಲ್ಲ."

ಇದಕ್ಕಿಂತ ಸುಲಭವಾಗಿ ಯಾರೂ ಬಾಗಿಲು ತೆರೆದು ಕೊಡಲಾರರು. ಒಂದು ವಾಕ್ಯ ಸಾಕಿತ್ತು: ಹುಣ್ಣಿಮೆಯ ತನಕ ಸಮಯ ಕೇಳಿದ್ದಾರೆ, ಸರ್. ಆದರೆ ಹಾಗೆಂದರೆ, ಅವರು ಸಮಾಧಾನವಾದದ್ದು ನನ್ನ ಜಾಣತನದಿಂದಲ್ಲ ಎಂದೂ ಹೇಳಬೇಕಾಗುತ್ತಿತ್ತು.

"ಬಾಕಿ ಏನೂ ಇಲ್ಲ ಸರ್. ದಡದ ಕಡೆ ಕ್ಲಿಯರ್" ಎಂದೆ.

"ಗುಡ್," ಎಂದು ಅವರು ನಕ್ಷೆಯ ಮೇಲೆ ಕಂಡಿಗೆ ಪೆನ್ಸಿಲಿನಿಂದ ಗೆರೆ ಎಳೆದರು.

ಅಷ್ಟಮಿಯ ಬೆಳಿಗ್ಗೆ ಎರಡೂ ತುದಿಗಳಲ್ಲಿ ಲಾರಿಗಳು ಸಾಲಾಗಿ ನಿಂತವು. ಕೆಲಸ ಸಲೀಸಾಗಿ ಆಗಲಿಲ್ಲ. ಮೊದಲು ಹಾಕಿದ ಕಲ್ಲು ಸಣ್ಣದಾಗಿ, ನೀರು ಅದನ್ನು ಹೊರಕ್ಕೆ ತಳ್ಳಿತು. ದೊಡ್ಡ ಕಲ್ಲುಗಳನ್ನು ತರಿಸಿ, ಎಕ್ಸ್‌ಕವೇಟರ್‌ನಿಂದ ಒಂದೊಂದಾಗಿ ಕೂರಿಸಿ, ಅವುಗಳ ಬೆನ್ನಿಗೆ ಸಣ್ಣ ಕಲ್ಲು ಒರಗಿಸಿದೆವು. ಒಂದು ಲಾರಿಯ ಹಿಂದಿನ ಚಕ್ರ ಅಂಚಿನಲ್ಲಿ ಕುಸಿದು, ಅದನ್ನು ಎಳೆದು ತೆಗೆಯುವಷ್ಟರಲ್ಲಿ ಇಳಿತ ಶುರುವಾಗಿತ್ತು. ಸಂಜೆಯ ಹೊತ್ತಿಗೆ ಕಂಡಿ ಮುಚ್ಚಿತು. ನೀರಿನ ಸದ್ದು ಒಮ್ಮೆಲೇ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಕಂಡಿ ಮುಚ್ಚಿದ್ದನ್ನು ಹಳ್ಳಿಯವರು ನೋಡಿದ್ದರು. ಹಜ್ಜಿಯ ಮಗ ಅಪ್ಪನಿಗೆ ಹೇಳಿದನಂತೆ. "ಆ ಇಂಡಿಯಾದವನು ಮಾತು ಕೊಟ್ಟಿದ್ದಾನೆ. ಬೇರೆ ಕಡೆ ದಾರಿ ಬಿಟ್ಟಿರ್ತಾನೆ" ಎಂದರಂತೆ ಇವರು. ಕೋಲ್ಡ್ ಸ್ಟೋರಿನ ಮಲಯಾಳಿ ಇದನ್ನು ನಮ್ಮ ಡ್ರೈವರ್‌ಗೆ ಹೇಳಿದ; ಡ್ರೈವರ್ ನನಗೆ ಹೇಳಿದ.

ಹುಣ್ಣಿಮೆ ಬಂತು. ಹಜ್ಜಿ, ಅವರ ಮಗ, ಇನ್ನೊಬ್ಬರು, ಹೆಗಲ ಮೇಲೆ ಹಗ್ಗ ಹಾಕಿಕೊಂಡು ನೀರಿಗಿಳಿದು ಹದ್ರಾದವರೆಗೆ ನಡೆದರು. ನಾನು ಏರಿಯ ಮೇಲಿನಿಂದ ನೋಡುತ್ತಿದ್ದೆ. ಏರಿಯ ಹೊರಗೆ ಸಮುದ್ರ ಇಳಿಯುತ್ತಿತ್ತು; ಕಲ್ಲಿನ ಬುಡದ ಪಾಚಿ, ಅದರ ಕೆಳಗಿನ ಮರಳು ಎಲ್ಲ ತೆರೆದುಕೊಂಡವು. ಏರಿಯ ಒಳಗೆ ನೀರು ಇದ್ದಲ್ಲೇ ಇತ್ತು. ತೂಬು ಎತ್ತರದಲ್ಲಿದ್ದುದರಿಂದ ಇಳಿಯಲು ಅದಕ್ಕೆ ದಾರಿಯೇ ಇರಲಿಲ್ಲ. ಡ್ರೆಜ್ಜರಿನ ಕೊಳವೆಯಿಂದ ಬರುತ್ತಿದ್ದ ನೀರು ಬೇರೆ ಸೇರಿ ಒಂದಿಷ್ಟು ಏರಿಯೂ ಇತ್ತು. ಆ ಮೂವರು ಎದೆಮಟ್ಟದ ನೀರಿನಲ್ಲಿ, ಕಂಬ ಹಿಡಿದುಕೊಂಡು, ಇಳಿತಕ್ಕಾಗಿ ಕಾಯುತ್ತ ನಿಂತಿದ್ದರು. ಬಹಳ ಹೊತ್ತು ನಿಂತರು. ಒಂದು ಕಂಬಕ್ಕೆ ಹಗ್ಗ ಹಾಕಿ ಎಳೆದೂ ನೋಡಿದರು. ಅದು ಅಲುಗಲಿಲ್ಲ.

ಆಮೇಲೆ ಹಜ್ಜಿ ಒಬ್ಬರೇ ಏರಿ ಹತ್ತಿ ನನ್ನ ಕ್ಯಾಬಿನ್ ಕಡೆ ನಡೆದು ಬಂದರು. ನಾನು ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿದ್ದೆ. ಡ್ರೈವರ್‌ಗೆ, "ನಾನಿಲ್ಲ ಅನ್ನು" ಎಂದು ಹೇಳಿ, ಹಿಂದಿನ ಗೋದಾಮಿನಲ್ಲಿ, ಏರಿಗೆ ಹಾಸುವ ಬಟ್ಟೆಯ ಸುರುಳಿಗಳ ನಡುವೆ ಹೋಗಿ ನಿಂತೆ. ಐವತ್ತು ದಾಟಿದ ಮನುಷ್ಯ, ಮಕ್ಕಳ ಕಣ್ಣಾಮುಚ್ಚಾಲೆಯಂತೆ ಉಸಿರು ಹಿಡಿದು ನಿಂತಿದ್ದೆ. ತಗಡಿನ ಗೋಡೆಯ ಆಚೆ ಅವರ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ಅವರು ಹೋದ ಮೇಲೆ ಹೊರಗೆ ಬಂದೆ. ಮೇಜಿನ ಮೇಲೆ ಒಂದು ಕಪ್ ಚಹಾ ತುಂಬಿದ ಹಾಗೆಯೇ ಇತ್ತು. ಮೇಲೆ ಕೆನೆ ಕಟ್ಟಿತ್ತು.

"ಏನು ಹೇಳಿದ್ರು?"

"ಏನೂ ಹೇಳ್ಲಿಲ್ಲ. ಚಾ ಕೊಟ್ಟೆ, ಕೆಳಗೆ ಇಟ್ರು, ಕೂತ್ರು," ಎಂದ ಡ್ರೈವರ್. ನನ್ನ ಮುಖ ನೋಡದೆ ಕಪ್ಪನ್ನು ಎತ್ತಿ ಹೊರಗಿನ ಮರಳಿಗೆ ಚೆಲ್ಲಿದ. "ಕುಡೀರಿ ಅನ್ಲಿಕ್ಕೆ ನಂಗೆ ಅಧಿಕಾರ ಇಲ್ವಲ್ಲ ಶೆಟ್ರೆ."

ಅವನು ಆಮೇಲೆಯೂ ನನ್ನನ್ನು ದಿನವೂ ಸೈಟಿಗೆ ಕರೆದುಕೊಂಡು ಹೋದ. ಊರಿನ ಸುದ್ದಿ ಹೇಳುವುದನ್ನು ಮಾತ್ರ ಬಿಟ್ಟ.

ಕೆಲವು ವಾರಗಳಲ್ಲಿ ಮರಳು ಹದ್ರಾವನ್ನು ಮುಟ್ಟಿತು. ಕಂಬಗಳ ತುದಿಗಳು ಮಾತ್ರ ಮರಳಿನ ಮೇಲೆ ಸಾಲಾಗಿ ಕಾಣುತ್ತಿದ್ದವು. ಬುಲ್ಡೋಜರಿನವನು ಇಳಿದು ಬಂದು, ಕೀಳಲಾ, ಎಂದು ಕೇಳಿದ. ಕೀಳಿಸಿ ಅವರ ಮನೆಗೆ ಕಳಿಸಬಹುದಿತ್ತು. ಕಳಿಸಿದರೆ ಎದುರಿಗೆ ಹೋಗಿ ನಿಲ್ಲಬೇಕಾಗುತ್ತಿತ್ತು. "ಮೇಲಿಂದ ಕತ್ತರಿಸು, ಉಳಿದದ್ದು ಒಳಗಿರಲಿ" ಎಂದೆ. ಅವು ಅಲ್ಲೇ ಇವೆ.

ಹಜ್ಜಿ ಎಲ್ಲಿಯೂ ದೂರು ಕೊಡಲಿಲ್ಲ. ನಮ್ಮ ನಡುವೆ ನಡೆದದ್ದಕ್ಕೆ ಅವರಿಗೆ ನಾನೊಬ್ಬನೇ ಸಾಕ್ಷಿ.

ಆ ನೆಲದ ಮೇಲೆ ಈಗ ಮನೆಗಳಿವೆ. ನಾನು ಅದನ್ನು ಹಳಿಯಲಾರೆ. ಒಂದೇ ಕೋಣೆಯಲ್ಲಿ ಎರಡು ಸಂಸಾರ ಮಾಡುತ್ತಿದ್ದವರಿಗೆ ಬಾಗಿಲು, ಕಿಟಕಿ, ಅಂಗಳ ಸಿಕ್ಕಿತು. ಬೆಳೆಯುವ ದೇಶಕ್ಕೆ ನೆಲ ಬೇಕು. ಈ ಸಣ್ಣ ದ್ವೀಪಕ್ಕೆ ಬೆಳೆಯಲು ಇದ್ದ ದಿಕ್ಕು ಸಮುದ್ರವೊಂದೇ. ನಾನು ಬಂದ ಕಾಲದಲ್ಲಿ ಹೂರಾ ಬಡಾವಣೆಯ ರೂಮಿನಿಂದ ಲುಂಗಿಯಲ್ಲೇ ಸಮುದ್ರದ ದಂಡೆಗೆ ನಡೆದು ಹೋಗುತ್ತಿದ್ದೆವು; ಈಗ ಅಲ್ಲಿ ರಸ್ತೆಯ ಆಚೆ ಇನ್ನೊಂದು ರಸ್ತೆ. ಪ್ರತಿ ಸಲ ಅಂಚು ಮುಂದೆ ಹೋದಾಗ, ಹಿಂದಿನ ಅಂಚಿನಲ್ಲಿ ಬದುಕಿದವರು ಒಳನಾಡಿನವರಾಗುತ್ತಾರೆ. ಹಜ್ಜಿಯ ಹಳ್ಳಿಯಿಂದ ಈಗ ಸಮುದ್ರ ಕಾಣುವುದಿಲ್ಲ. ಅದು ಹೇಗೂ ಆಗುವುದಿತ್ತು, ಅವರೂ ಒಪ್ಪಿದ್ದರು. ಅವರು ಕೇಳಿದ್ದು ತಮ್ಮ ಕಂಬಗಳನ್ನು ಹೊಸ ಅಂಚಿಗೆ ಒಯ್ಯುವಷ್ಟು ಸಮಯ. ಅದನ್ನು ಕಸಿದದ್ದು ದೇಶವೂ ಅಲ್ಲ, ಕಂಪನಿಯೂ ಅಲ್ಲ.

ಅವರನ್ನು ಆಮೇಲೆ ಒಮ್ಮೆ ನೋಡಿದೆ. ಮನಾಮದ ಮೀನು ಮಾರುಕಟ್ಟೆಯಲ್ಲಿ, ಅವರು ಮೀನು ಕೊಳ್ಳುತ್ತಿದ್ದರು. ಮಾರುತ್ತಿರಲಿಲ್ಲ. ನಾನು ತಿರುಗುವ ಮೊದಲೇ ಗುರುತು ಹಿಡಿದರು.

"ರಫೀಕ್! ತಲೆ ಬೆಳ್ಳಗಾಯ್ತಲ್ಲ ನಿಂದು!" ಎಂದು ಕೈ ಹಿಡಿದುಕೊಂಡರು. "ಮಗಳಿಗೆ ಮನೆ ಸಿಕ್ತು, ಹೊಸ ಊರಲ್ಲಿ. ನಾನೂ ಅವಳ ಜೊತೆಗೇ. ಈಗ ಅಳಿಯನಿಗೆ ಬೇರೆ ರೂಮು, ಅವನ ಗೊರಕೆಗೆ ಬೇರೆ ರೂಮು. ಬಾ ಒಂದು ದಿನ. ಕಾಫಿ ಕುಡೀವಾ."

ಅವರ ಮುಖದಲ್ಲಿ ಕುಹಕವಿರಲಿಲ್ಲ. ಅಥವಾ ನನಗೆ ಕಾಣಲಿಲ್ಲ. ಆ ಕರೆಯ ಅರ್ಥವೇನೆಂದು ಇಷ್ಟು ವರ್ಷ ಯೋಚಿಸಿದ್ದೇನೆ. ಅವರು ನನಗೊಂದು ದಾರಿ ಬಿಟ್ಟುಕೊಟ್ಟರು ಎಂದೇ ಈಗ ಅನ್ನಿಸುತ್ತದೆ. ಅವರ ಮನೆಗೆ ಹೋಗಿ, ಅವರು ಕೊಟ್ಟ ಕಪ್ಪನ್ನು ಕುಡಿಯದೆ ಕೆಳಗಿಟ್ಟು ಕೂತಿದ್ದರೆ ಸಾಕಿತ್ತು. ನಾನು ಏನು ಕೇಳಲು ಬಂದೆನೆಂದು ಅವರಿಗೆ ತಿಳಿಯುತ್ತಿತ್ತು. ಕುಡಿ ಎನ್ನುವುದೋ ಬಿಡುವುದೋ ಅವರಿಗೆ ಬಿಟ್ಟದ್ದಾಗುತ್ತಿತ್ತು.

"ಅರ್ಜೆಂಟ್ ಉಂಟು ಹಜ್ಜಿ, ಇನ್ನೊಮ್ಮೆ" ಎಂದು ಕೈ ಬಿಡಿಸಿಕೊಂಡು ಬಂದೆ.

ಅವರು ಇನ್ನೂ ಇದ್ದಾರೋ ಇಲ್ಲವೋ ವಿಚಾರಿಸಿಲ್ಲ. ವಿಚಾರಿಸಿದರೆ ಉತ್ತರ ಸಿಗುತ್ತದೆ ಎಂಬ ಭಯ. ನಿನ್ನೆ ಮಗಳಿಗೆ, ಬರುತ್ತೇನೆ ಮಗಾ, ಎಂದೆ. ಅವಳು ಲಿಫ್ಟಿನಿಂದಾಗಿ ಒಪ್ಪಿದೆ ಎಂದುಕೊಂಡಿದ್ದಾಳೆ. ಹೊಸ ಮನೆಯಿಂದ ಒಳಗಿನ ಬೀದಿಗಳಿಗೆ ನಡೆದೇ ಹೋಗಬಹುದಂತೆ. ಅಲ್ಲಿ ಹೋಗಿ ಹಜ್ಜಿಯ ಮನೆ ಎಲ್ಲಿ ಎಂದು ಕೇಳಿದರೆ ಪ್ರಯೋಜನವಿಲ್ಲ, ಮನೆಗೊಬ್ಬ ಹಜ್ಜಿ ಇರುತ್ತಾರೆ. ಅಂದು ನನ್ನ ಕ್ಯಾಬಿನ್ನಿನಲ್ಲಿ ಎದೆಯ ಮೇಲೆ ಕೈಯಿಟ್ಟು ಅವರು ಹೇಳಿದ ಹೆಸರು ಹಿಡಿದೇ ಕೇಳಬೇಕು. ಇಷ್ಟು ವರ್ಷ ಅದನ್ನು ನನ್ನ ಬಾಯಿಂದ ಆಡಿಲ್ಲ.

ಮಕ್ಕಿ. ಹಜ್ಜಿ ಮಕ್ಕಿ.